ಸಹಿ ತಾಳೆ ನೋಡುವ ಮೇಜಿನಲ್ಲಿ ಕಲಿತದ್ದು

ಸ್ಥಳೀಯ ಚುನಾವಣಾ ಕಚೇರಿಯಲ್ಲಿ ನನ್ನ ಕೆಲಸ ಸಹಿ ಪರಿಶೀಲನೆ. ಗೆದ್ದು ಬಂದ ಕೌನ್ಸಿಲರನ್ನೋ ಮೇಯರನ್ನೋ ಅವಧಿ ಮುಗಿಯುವ ಮೊದಲೇ ವಾಪಸ್ ಕರೆಸಿಕೊಳ್ಳಬೇಕು ಅಂತ ಮತದಾರರು ಅರ್ಜಿ ಕೊಟ್ಟರೆ, ಆ ಹಾಳೆಗಳು ಮೊದಲು ಬರುವುದು ನನ್ನ ಮೇಜಿಗೆ. ಹೆಸರು, ವಿಳಾಸ, ಸಹಿ ಮೂರನ್ನೂ ನಮ್ಮಲ್ಲಿರುವ ದಾಖಲೆ ಜೊತೆ ತಾಳೆ ನೋಡಬೇಕು. ಬೇಕಾದಷ್ಟು ಸಹಿ ಸರಿಯಿದ್ದರೆ ಮಾತ್ರ ವಿಷಯ ಮತದಾನಕ್ಕೆ ಹೋಗುತ್ತದೆ.

ಮನೆಮನೆಗೆ ಹೋಗಿ ನಿಜವಾಗಿ ತಂದ ಹಾಳೆ ಅಂಕುಡೊಂಕಾಗಿರುತ್ತದೆ. ನಾಲ್ಕು ಸಾಲಿಗೊಮ್ಮೆ ಪೆನ್ನು ಬದಲಾಗುತ್ತದೆ. ಒಬ್ಬರು ಗೆರೆ ದಾಟಿ ಬರೆದಿರುತ್ತಾರೆ, ಇನ್ನೊಬ್ಬರು ವಿಳಾಸ ತಪ್ಪಾಗಿ ಬರೆದು ಹೊಡೆದುಹಾಕಿರುತ್ತಾರೆ. ಬೋಗಸ್ ಹಾಳೆ ತುಂಬಾ ಅಚ್ಚುಕಟ್ಟು. ಹೆಸರುಗಳು ಮತದಾರರ ಪಟ್ಟಿಯಲ್ಲಿರುವ ಕ್ರಮದಲ್ಲೇ ಸಾಲಾಗಿ ಬಂದಿರುತ್ತವೆ. ಹಾಳೆ ತಿರುಗಿಸಿ ಹಿಂದೆ ಬೆರಳಾಡಿಸಿದರೆ, ಇಪ್ಪತ್ತು ಸಹಿಗೂ ಪೆನ್ನು ಒತ್ತಿದ ಗುರುತು ಒಂದೇ ಥರ ಕೈಗೆ ಸಿಗುತ್ತದೆ.

ಇದು ಸಣ್ಣ ವಿಷಯ ಅಲ್ಲ. ಜಪಾನಿನ ಐಚಿ ಪ್ರಾಂತ್ಯದಲ್ಲಿ 2020ರಲ್ಲಿ ಗವರ್ನರನ್ನು ತೆಗೆಯಬೇಕು ಅಂತ ಸುಮಾರು 4.35 ಲಕ್ಷ ಸಹಿ ಸಲ್ಲಿಸಿದ್ದರು. ಪರಿಶೀಲಿಸಿದಾಗ ನೂರಕ್ಕೆ 83ರಷ್ಟು ಅಸಿಂಧು ಅಂತ ಗೊತ್ತಾಯಿತು. ದುಡ್ಡು ಕೊಟ್ಟು ಜನರನ್ನು ಕೂರಿಸಿ ಹೆಸರು ನಕಲು ಮಾಡಿಸಿದ್ದರು. ಆ ಸುದ್ದಿ ಓದಿದ ಮೇಲೆ ನಾನು ಜಾಸ್ತಿ ಬಿಗಿಯಾದೆ. ಸ್ವಲ್ಪ ಅನುಮಾನ ಬಂದರೂ ತಳ್ಳಿಹಾಕುತ್ತಿದ್ದೆ.

ಅಲ್ಲಿ ತಪ್ಪು ಮಾಡಿದೆ. ಒಂದು ದಿನ ಒಬ್ಬ ಹಿರಿಯರು ಕೋಲು ಊರಿಕೊಂಡು ಬಂದರು. ಅವರ ಸಹಿಯನ್ನು ನಾನು ತಿರಸ್ಕರಿಸಿದ್ದೆ. ನಮ್ಮ ದಾಖಲೆಯಲ್ಲಿದ್ದದ್ದು ಇಪ್ಪತ್ತು ವರ್ಷ ಹಳೆಯದು, ಗಟ್ಟಿ ಕೈಯ ಸಹಿ. "ಒಂದು ಕಾಗದ ಕೊಡಪ್ಪಾ" ಅಂದರು. ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದುಕೊಂಡು, ನನ್ನೆದುರೇ ನಿಧಾನವಾಗಿ ಸಹಿ ಮಾಡಿದರು. ನಾನು ತಳ್ಳಿಹಾಕಿದ ಸಹಿಯೇ ಅದು, ಅದೇ ನಡುಕ. ಅವರ ಕ್ಷಮೆ ಕೇಳಿದೆ. ಅವತ್ತಿನಿಂದ, ತಾಳೆಯಾಗದ ಸಹಿ ಕಂಡರೆ ಮೊದಲು ಫೋನ್ ಮಾಡುತ್ತೇನೆ. ಆಮೇಲೆ ತೀರ್ಮಾನ.

ಆ ಫೋನುಗಳಲ್ಲೇ ಇನ್ನೊಂದು ವಿಷಯ ಗೊತ್ತಾಯಿತು. ಸಹಿ ಅಸಲಿ, ಆದರೆ ಹಾಕಿದವರಿಗೆ ಯಾಕೆ ಹಾಕಿದ್ದು ಅಂತಲೇ ಗೊತ್ತಿಲ್ಲ. "ಅಯ್ಯೋ, ಅದು ನೀರಿನ ದೂರಿನ ಅರ್ಜಿ ಅಂದ್ಕೊಂಡಿದ್ದೆ ಕಣ್ರೀ" ಅಂದರು ಒಬ್ಬ ತಾಯಿ. ಆ ಹಾಳೆ ತೆಗೆದು ನೋಡಿದೆ. ಕಾರಣದ ಜಾಗದಲ್ಲಿ "ಜನವಿರೋಧಿ ಆಡಳಿತ" ಅಂತ ಎರಡೇ ಪದ ಇತ್ತು. ಅದಕ್ಕೆ ಯಾರು ಏನು ಉತ್ತರ ಕೊಡಬೇಕು? ಇಂತಿಷ್ಟು ಸಭೆಗೆ ಬಂದಿಲ್ಲ, ಟೆಂಡರ್ ಕರೆಯದೆ ಗುತ್ತಿಗೆ ಕೊಟ್ಟಿದ್ದಾರೆ ಅಂತ ಬರೆದಿದ್ದರೆ ಸಹಿ ಹಾಕುವವರಿಗೂ ಅರ್ಥವಾಗುತ್ತದೆ, ಆ ಕೌನ್ಸಿಲರೂ ದಾಖಲೆ ಹಿಡಿದು ಉತ್ತರ ಹೇಳಬಹುದು.

ಈ ಹಕ್ಕೇ ಬೇಡ ಅನ್ನುವವರ ಜೊತೆ ನಾನಿಲ್ಲ. ತೈವಾನಿನ ಕಾಓಸಿಯುಂಗ್ ನಗರ ನೋಡಿ. 2018ರ ಕೊನೆಯಲ್ಲಿ ಗೆದ್ದ ಮೇಯರ್ ಹಾನ್ ಕುವೊ-ಯು ಕೆಲವೇ ತಿಂಗಳಲ್ಲಿ ದೇಶದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆಗಿಳಿದರು. ನಗರದ ಕೆಲಸ ಬಿಟ್ಟು ಹೋದರು ಅಂತ ಜನ ಸಿಟ್ಟಾದರು. ಜೂನ್ 2020ರಲ್ಲಿ ಅವರನ್ನು ಇಳಿಸಲು 9,39,090 ಮತ ಬಿತ್ತು. ಗೆದ್ದಾಗ ಸಿಕ್ಕಿದ್ದು ಸುಮಾರು 8.9 ಲಕ್ಷ. ಕೂರಿಸಿದ್ದಕ್ಕಿಂತ ಜಾಸ್ತಿ ಮತ ಹಾಕಿ ಇಳಿಸಿದರು. ಜನರ ತೀರ್ಮಾನದ ಬಗ್ಗೆ ಅಲ್ಲಿ ಅನುಮಾನವೇ ಉಳಿಯಲಿಲ್ಲ, ಅಲ್ವಾ? ಜೊತೆಗೆ, ಒಟ್ಟು ಮತದಾರರಲ್ಲಿ ಕಾಲು ಭಾಗವಾದರೂ ಇಳಿಸಿ ಅನ್ನಲೇಬೇಕು ಅನ್ನುವ ಕಟ್ಟುಪಾಡೂ ಅಲ್ಲಿತ್ತು.

ಪೆರುವಿನ ಕಥೆ ಬೇರೆ. 1997ರಿಂದ 2013ರೊಳಗೆ ಅಲ್ಲಿ 5,000ಕ್ಕೂ ಹೆಚ್ಚು ಸ್ಥಳೀಯ ಪ್ರತಿನಿಧಿಗಳು ಇಂಥ ಮತದಾನ ಎದುರಿಸಿದರು. ಎಷ್ಟೋ ಕಡೆ ಅರ್ಜಿಯ ಹಿಂದೆ ಇದ್ದವರು ಹಿಂದಿನ ಚುನಾವಣೆಯಲ್ಲಿ ಸೋತವರೇ. ಗೆದ್ದವರನ್ನು ಇಳಿಸಿದರೆ ತಮಗೆ ಇನ್ನೊಂದು ಅವಕಾಶ ಸಿಗುತ್ತಲ್ಲ. 2015ರಲ್ಲಿ ಕಾನೂನು ಬದಲಾಯಿಸಿ, ತೆಗೆದವರ ಜಾಗಕ್ಕೆ ಹೊಸ ಚುನಾವಣೆ ನಡೆಸುವುದನ್ನು ನಿಲ್ಲಿಸಿದರು. ಅದು ಸರಿಯಾದ ಹೆಜ್ಜೆ ಅಂತ ನನಗನಿಸುತ್ತದೆ. ದಿನಾ ಕುರ್ಚಿ ಉಳಿಸಿಕೊಳ್ಳುವ ಚಿಂತೆಯಲ್ಲಿರುವ ಮೇಯರ್, ಬೇಕೇ ಬೇಕಾದ ಆದರೆ ಜನಕ್ಕೆ ಕಹಿಯಾದ ಕೆಲಸಕ್ಕೆ ಕೈ ಹಾಕುವುದಿಲ್ಲ.

ನಾನು ಯಾರ ಪರವೂ ಮಾತಾಡುವ ಹಾಗಿಲ್ಲ. ಆದರೆ ಫಾರಂ ತುಂಬುವುದು ಹೇಗೆ ಅಂತ ಹೇಳಬಹುದು. ಖಾಲಿ ಫಾರಂ ಕೇಳಲು ಬಂದವರಿಗೆ ಕಾರಣದ ಜಾಗ ತೋರಿಸಿ, "ಏನಾಯ್ತು, ಯಾವಾಗ ಆಯ್ತು ಅಂತ ಬರೀರಿ" ಅನ್ನುತ್ತೇನೆ. ಹೋದ ಸಲ ಬಂದ ಮೂವರು ಹೊರಗಿನ ಬೆಂಚಿನ ಮೇಲೆ ಒಂದು ಗಂಟೆ ಕೂತು ಬರೆದರು, ಹೊಡೆದರು, ಮತ್ತೆ ಬರೆದರು. ಕೊನೆಗೆ ಒಳಗೆ ಬಂದು, ಕೌನ್ಸಿಲ್ ಸಭೆಯ ಹಾಜರಿ ಪುಸ್ತಕ ಎಲ್ಲಿ ನೋಡಲು ಸಿಗುತ್ತದೆ ಅಂತ ಕೇಳಿದರು.