ಸ್ಟಾರ್ ಎಣಿಸುವ ಮೊದಲು ದುಡ್ಡು ಯಾರದು ಅಂತ ನೋಡಿ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಕ್ಕೆ ಹೊಸದಾಗಿ ಬಂದ ಕನ್ನಡದವರು ಮನೆ ಮಾಡಿ ನಾಲ್ಕು ದಿನ ಆಗುವಷ್ಟರಲ್ಲಿ ಕೇಳುವ ಪ್ರಶ್ನೆ ಇದು: ಪ್ಲಂಬರ್ ಬೇಕು, ಕಾರ್ ಮೆಕ್ಯಾನಿಕ್ ಬೇಕು, ಯೆಲ್ಪ್ ನೋಡೋದಾ, ಗೂಗಲ್ ನೋಡೋದಾ? ಎರಡೂ ಕಡೆ ಗಿರಾಕಿಗಳು ಅಂಗಡಿ, ಕೆಲಸಗಾರರ ಬಗ್ಗೆ ರಿವ್ಯೂ ಅಂದರೆ ಅಭಿಪ್ರಾಯ ಬರೆದು, ಐದರಲ್ಲಿ ಇಷ್ಟು ಅಂತ ಸ್ಟಾರ್ ಕೊಡುತ್ತಾರೆ. ಊರಲ್ಲಾದರೆ ಬೀದಿ ತಿರುವಿನ ಹಾರ್ಡ್‌ವೇರ್ ಅಂಗಡಿಯವರು ಒಬ್ಬರ ನಂಬರ್ ಕೊಡುತ್ತಾರೆ. ಕೆಲಸ ಕೆಟ್ಟರೆ ಅದೇ ಅಂಗಡಿಗೆ ಹೋಗಿ ದಬಾಯಿಸಬಹುದು. ಇಲ್ಲಿ ಆ ನಡುವಿನವರು ಸಿಗುವುದು ಕಷ್ಟ. ಬರೀ ಬಂದು ನೋಡಿ ಹೋಗುವುದಕ್ಕೇ ದುಡ್ಡು ಕೇಳುವವರಿದ್ದಾರೆ. ಹಾಗಾಗಿ ಗುರುತು ಪರಿಚಯ ಇಲ್ಲದ ನೂರಾರು ಜನರ ಮಾತಿಗೆ ಕಿವಿ ಕೊಡಬೇಕಾಗುತ್ತದೆ.

ಎರಡನ್ನೂ ನೋಡಿ ಅಂತಲೇ ನಾನು ಹೇಳುವುದು. ಆದರೆ ಆ ತಾಣ ಯಾರ ದುಡ್ಡಿನಲ್ಲಿ ನಡೆಯುತ್ತದೆ, ಅಲ್ಲಿ ಬರೆಯುವವರು ಯಾಕೆ ಬರೆಯುತ್ತಾರೆ ಅನ್ನುವುದು ಮೊದಲು ಗೊತ್ತಿರಲಿ.

ಯೆಲ್ಪ್ 2004ರಲ್ಲಿ ಇಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದದ್ದು. ರಿವ್ಯೂ ಬರೆಯಿರಿ ಅಂತ ಅಂಗಡಿಯವರು ಗಿರಾಕಿಗಳನ್ನು ಕೇಳಬಾರದು ಅನ್ನುತ್ತದೆ ಅದು. ಗೂಗಲ್ ಕೇಳಲು ಬಿಡುತ್ತದೆ. ಬದಲಿಗೆ ದುಡ್ಡು, ರಿಯಾಯಿತಿ ಕೊಡಬಾರದು ಅಷ್ಟೇ. ಅದಕ್ಕೇ ಎಷ್ಟೋ ಕಡೆ ಗಲ್ಲಾ ಪಕ್ಕ ಗೂಗಲ್ ರಿವ್ಯೂವಿನ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಕಾರು ರಿಪೇರಿಯಾದ ಖುಷಿಯಲ್ಲಿರುವವರು ನಿಂತಲ್ಲೇ ಐದು ಸ್ಟಾರ್ ಒತ್ತಿ ಹೊರಡುತ್ತಾರೆ. ಯೆಲ್ಪ್‌ಗೆ ತಾವಾಗಿ ಹೋಗಿ ಬರೆಯುವವರಲ್ಲಿ ಸಿಟ್ಟು ಬಂದವರೂ ಬರೆಯುವ ಹವ್ಯಾಸದವರೂ ಹೆಚ್ಚು. ಒಂದೇ ಗ್ಯಾರೇಜಿಗೆ ಗೂಗಲ್‌ನಲ್ಲಿ 4.7, ಯೆಲ್ಪ್‌ನಲ್ಲಿ 3.5 ಕಂಡರೆ ಗಾಬರಿಯಾಗಬೇಡಿ.

ಯೆಲ್ಪ್ ಪುಟದ ತೀರಾ ತಳಕ್ಕೆ ಇಳಿದರೆ ಬೂದು ಬಣ್ಣದ ಒಂದು ಸಣ್ಣ ಸಾಲು ಇರುತ್ತದೆ: ಸದ್ಯಕ್ಕೆ ಶಿಫಾರಸು ಮಾಡದ ರಿವ್ಯೂಗಳು. ಅವರ ಸಾಫ್ಟ್‌ವೇರ್ ಪಕ್ಕಕ್ಕೆ ಸರಿಸಿದವು ಅವು, ಸ್ಟಾರ್ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಒತ್ತಿ ಓದಿ. ಸುಳ್ಳು ಹೊಗಳಿಕೆಯ ಜೊತೆಗೆ, ಜೀವಮಾನದಲ್ಲಿ ಒಂದೇ ರಿವ್ಯೂ ಬರೆದ ಸಾಮಾನ್ಯ ಜನರ ನಿಜವಾದ ಮಾತೂ ಅಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ.

ಯೆಲ್ಪ್‌ನ ಆದಾಯ ಹೆಚ್ಚಾಗಿ ಅದೇ ಅಂಗಡಿಗಳ ಜಾಹೀರಾತಿನದು. ಜಾಹೀರಾತು ಕೊಡದವರ ಸ್ಟಾರ್ ಇಳಿಸುತ್ತಾರೆ ಅಂತ ಕೆಲವು ವ್ಯಾಪಾರಿಗಳು ಕೋರ್ಟಿಗೂ ಹೋದರು. ಕಂಪನಿ ಅದನ್ನು ಅಲ್ಲಗಳೆಯುತ್ತಲೇ ಬಂದಿದೆ, 2014ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಗೆದ್ದಿತು. ಅದೇ ವರ್ಷ ಇಲ್ಲೇ ಬೇ ಏರಿಯಾದ ರಿಚ್‌ಮಂಡ್‌ನ ಬೊಟ್ಟೊ ಬಿಸ್ಟ್ರೋ ಅನ್ನುವ ಇಟಾಲಿಯನ್ ಹೋಟೆಲಿನವರು, ನಮಗೆ ಒಂದೇ ಸ್ಟಾರ್ ಕೊಟ್ಟು ಬನ್ನಿ, ಪಿಜ್ಜಾದ ಮೇಲೆ ರಿಯಾಯಿತಿ ಕೊಡುತ್ತೇವೆ ಅಂತ ಬೋರ್ಡು ಹಾಕಿ ಪ್ರತಿಭಟಿಸಿದರು. ಸಣ್ಣ ಹೋಟೆಲಿನವರಿಗೆ ಇದು ಹೊಟ್ಟೆಪಾಡಿನ ವಿಷಯ. ಸಿಯಾಟಲ್ ಹೋಟೆಲುಗಳ ಲೆಕ್ಕ ತೆಗೆದ ಹಾರ್ವರ್ಡ್‌ನ ಮೈಕೆಲ್ ಲೂಕಾ, ಒಂದು ಸ್ಟಾರ್ ಏರಿದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ ಅಂತ ತೋರಿಸಿದ್ದಾರೆ.

ನಮ್ಮ ತಿಂಡಿಯ ವಿಷಯಕ್ಕಂತೂ ಸ್ಟಾರ್ ನೋಡಲೇಬೇಡಿ, ಬರಹ ಓದಿ. ಸನಿವೇಲ್ ಕಡೆ ದಕ್ಷಿಣ ಭಾರತದ ಹೋಟೆಲುಗಳು ಬೇಕಾದಷ್ಟಿವೆ. 'ಸಾಂಬಾರ್ ಸಿಹಿಯಾಗಿತ್ತು' ಅಂತ ಯಾರಾದರೂ ಎರಡು ಸ್ಟಾರ್ ಕೊಟ್ಟಿದ್ದರೆ, ಅಡುಗೆಯವರು ಬೆಲ್ಲ ಹಾಕಿದ್ದಾರೆ, ಉಡುಪಿ ಕಡೆಯ ರುಚಿ ಸಿಗಬಹುದು ಅಂತ ನನಗೆ ಆಸೆ ಹುಟ್ಟುತ್ತದೆ. ಮೂರು ಸ್ಟಾರ್‌ನವರ ಮಾತು ನನಗೆ ಎಲ್ಲಕ್ಕಿಂತ ಇಷ್ಟ. ಅವರಿಗೆ ಹೊಗಳುವ ಹರಕೆಯೂ ಇರುವುದಿಲ್ಲ, ಸೇಡೂ ಇರುವುದಿಲ್ಲ. ಚಟ್ನಿ ಚೆನ್ನಾಗಿತ್ತು, ವಡೆ ತಣ್ಣಗಿತ್ತು, ಶನಿವಾರ ಕಾಯಬೇಕು ಅಂತ ಬಿಡಿಸಿ ಹೇಳುತ್ತಾರೆ.

ಮನೆ ರಿಪೇರಿಗೆ ಆಂಜಿ ಅಂತ ಇನ್ನೊಂದಿದೆ. 1995ರಲ್ಲಿ ಶುರುವಾದ ಅದು ಆಂಜೀಸ್ ಲಿಸ್ಟ್ ಅನ್ನುವ ಹೆಸರಲ್ಲಿದ್ದಾಗ ಮೊದಮೊದಲು ರಿವ್ಯೂ ಓದುವವರೇ ಚಂದಾ ಕಟ್ಟುತ್ತಿದ್ದರು. ಈಗ ಕೆಲಸಗಾರರು ಗಿರಾಕಿಗಳ ವಿವರಕ್ಕೆ ದುಡ್ಡು ಕಟ್ಟುತ್ತಾರೆ. ನಂಬರ್ ಹಾಕಿದವರಿಗೆ ಸಾಲಾಗಿ ಫೋನ್ ಬರುತ್ತಿದ್ದುದು ಅದಕ್ಕೇ. ಬೆಟರ್ ಬಿಸಿನೆಸ್ ಬ್ಯೂರೋ ಹೆಸರು ಕೇಳಿ ಸರ್ಕಾರದ್ದು ಅಂದುಕೊಳ್ಳಬೇಡಿ, ಅಂಗಡಿಗಳ ಮೇಲಿನ ದೂರು ತೆಗೆದುಕೊಂಡು ದರ್ಜೆ ಕೊಡುವ ಖಾಸಗಿ ಸಂಸ್ಥೆ ಅದು. ಅವರು ಕೊಡುವ ಎ ಪ್ಲಸ್ ದರ್ಜೆಗೆ ಗಿರಾಕಿಗಳ ರಿವ್ಯೂ ಲೆಕ್ಕಕ್ಕೇ ಇಲ್ಲ. ಆದರೆ ದೂರುಗಳ ಪಟ್ಟಿ ಓದಿ, ಉಪಯೋಗಕ್ಕೆ ಬರುತ್ತದೆ.

ನಾನು ಮನಸಾರೆ ಹೇಳುವ ಹೆಸರು ಕನ್ಸ್ಯೂಮರ್ಸ್ ಚೆಕ್‌ಬುಕ್. 1974ರಲ್ಲಿ ವಾಷಿಂಗ್ಟನ್‌ನಲ್ಲಿ ಶುರುವಾದ, ಲಾಭಕ್ಕಲ್ಲದ ಸಂಸ್ಥೆ. ಬೇ ಏರಿಯಾದ ಮಾಹಿತಿಯೂ ಇದೆ. ಚಂದಾ ಕಟ್ಟಬೇಕು, ಆದರೆ ಅವರು ರೇಟಿಂಗ್ ಪಡೆಯುವ ಅಂಗಡಿಗಳಿಂದ ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಹೆಸರು ಹೇಳದೆ ತಾವೇ ವಿಚಾರಿಸಿ, ಒಂದೇ ಕೆಲಸಕ್ಕೆ ಯಾರು ಎಷ್ಟು ಕೇಳಿದರು ಅಂತ ಬರೆಯುತ್ತಾರೆ. ಆ ದರ ಪಟ್ಟಿ ಇಲ್ಲಿ ಎಷ್ಟು ಬೆಲೆಬಾಳುತ್ತದೆ ಅನ್ನುವುದು ಬಾತ್‌ರೂಮ್ ರಿಪೇರಿಗೆ ಕೊಟೇಶನ್ ಕೇಳಿದವರಿಗೆ ಗೊತ್ತು.

ಇನ್ನು ಸುಳ್ಳು ರಿವ್ಯೂ. ಕೊಳ್ಳುವುದಕ್ಕೂ ಮಾರುವುದಕ್ಕೂ ಅಮೆರಿಕದ ಕೇಂದ್ರ ಸರ್ಕಾರದ ವ್ಯಾಪಾರ ಆಯೋಗ (ಎಫ್‌ಟಿಸಿ) 2024ರ ಅಕ್ಟೋಬರಿನಿಂದ ದಂಡ ಹಾಕುವ ನಿಯಮ ತಂದಿದೆ. ಅಷ್ಟಕ್ಕೇ ನಿಂತುಹೋಗುತ್ತದೆ ಅಂತ ನನಗೆ ನಂಬಿಕೆಯಿಲ್ಲ.

ಅದಕ್ಕೇ ದೊಡ್ಡ ಕೆಲಸವಾದರೆ ಕ್ಯಾಲಿಫೋರ್ನಿಯಾ ಕಂಟ್ರಾಕ್ಟರ್ ಲೈಸೆನ್ಸ್ ಬೋರ್ಡಿನ ತಾಣಕ್ಕೆ ಹೋಗಿ ಲೈಸೆನ್ಸ್ ನಂಬರ್ ಹಾಕಿ ನೋಡಿ. ಚಾಲ್ತಿಯಲ್ಲಿದೆಯೇ, ಕೆಲಸ ಕೆಟ್ಟರೆ ಪರಿಹಾರಕ್ಕೆ ಆಧಾರವಾಗುವ ಬಾಂಡ್ ಇದೆಯೇ, ಶಿಸ್ತುಕ್ರಮ ಆಗಿದೆಯೇ ಎಲ್ಲ ಪುಕ್ಕಟೆ ಕಾಣುತ್ತದೆ. ಮನೆ ಸುಧಾರಣೆಯ ಕೆಲಸಕ್ಕೆ ಮುಂಗಡ ಅಂತ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅರ್ಧ ದುಡ್ಡು ಈಗಲೇ ಕೊಡಿ ಅಂದರೆ, ಐದು ಸ್ಟಾರ್ ಇದ್ದರೂ ಬೇರೆಯವರನ್ನು ಕರೆಯಿರಿ.