ಕೈಗೆ ಕೆಲಸ, ಕಿವಿಗೆ ಕಲ್ಯಾಣಿ

ಡಿಸೆಂಬರ್ ಅರ್ಧ ಕಳೆದು ಹಾಸನದ ಮಾರುಕಟ್ಟೆಗೆ ಸೊಗಡಿನ ಅವರೆಕಾಯಿ ಬರಲಾರಂಭಿಸಿತೆಂದರೆ ನಮ್ಮ ಮನೆಯಲ್ಲಿ ಸಂಗೀತ ಕೇಳುವ ಹೊತ್ತು ತಾನಾಗಿಯೇ ಹೆಚ್ಚಾಗುತ್ತದೆ. ಬೆಳಿಗ್ಗೆ ಬಿಡಿಸಿ ನೆನೆಹಾಕಿದ ಕಾಳನ್ನು ಸಂಜೆ ನಾಲ್ಕರ ಹೊತ್ತಿಗೆ ಜಗಲಿಗೆ ತಂದು, ಮುಂದೆ ಮೊರವನ್ನಿಟ್ಟುಕೊಂಡು ಹಿತಕಲು ಕೂತರೆ, ರಾತ್ರಿಯ ಸಾರಿಗೆ ಬೇಕಾಗುವಷ್ಟು ಬೇಳೆಯಾಗಲು ಒಂದು ಗಂಟೆಯಂತೂ ಹಿಡಿಯುತ್ತದೆ. ಕಣ್ಣಿಗೂ ಬುದ್ಧಿಗೂ ಅಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ. ಹೆಬ್ಬೆರಳು ಮತ್ತು ತೋರುಬೆರಳು ತಮ್ಮ ಪಾಡಿಗೆ ದುಡಿಯುತ್ತಿರುತ್ತವೆ. ಆ ಒಂದು ಗಂಟೆ ನನ್ನ ಕಿವಿಗಳು ಆಕಾಶವಾಣಿಗೆ ಸೇರಿದವು. ಹಾಸನ ಕೇಂದ್ರದಲ್ಲಿ ಶಾಸ್ತ್ರೀಯ ಸಂಗೀತವಿಲ್ಲದ ಹೊತ್ತಾದರೆ ಬೆಂಗಳೂರಿನ ಅಮೃತವರ್ಷಿಣಿ ವಾಹಿನಿಯನ್ನು ಮೊಬೈಲಿನಲ್ಲಿ ಹಾಕಿಕೊಂಡು, ಅದನ್ನು ಖಾಲಿ ಹಿತ್ತಾಳೆ ಚೊಂಬಿನೊಳಗೆ ನಿಲ್ಲಿಸುತ್ತೇನೆ. ಚೊಂಬಿನ ನಾದ ಸೇರಿದ ಮೇಲೆ ಮೊಬೈಲಿನ ಕೀರಲು ದನಿ ಸ್ವಲ್ಪ ಮೈ ತುಂಬಿಕೊಳ್ಳುತ್ತದೆ.

ನನ್ನ ತಂದೆಯವರು ಇದ್ದಿದ್ದರೆ ಈ ಏರ್ಪಾಟನ್ನು ಖಂಡಿತ ಒಪ್ಪುತ್ತಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಹರೆಯದಲ್ಲಿ ನಾಲ್ಕು ವರ್ಷ ಹಾಡುಗಾರಿಕೆ ಕಲಿತು ಬಿಟ್ಟವರು. ಹಾಡುವುದರಲ್ಲಿ ಉಳಿಯದ ಶಿಸ್ತನ್ನೆಲ್ಲ ಕೇಳುವುದರಲ್ಲಿ ತೋರಿಸುತ್ತಿದ್ದರು. ರೇಡಿಯೋದಲ್ಲಿ ಕಛೇರಿ ಬರುವ ಹೊತ್ತಿಗೆ ಕೈಕಾಲು ತೊಳೆದು, ಚಾಪೆ ಹಾಸಿ, ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ವರ್ಣದಿಂದ ಮಂಗಳದವರೆಗೆ ಯಾರೂ ಏಳಬಾರದೆಂದು ಕಟ್ಟಪ್ಪಣೆ ಮಾಡುತ್ತಿದ್ದರು. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾದರೂ ಅವರ ಹುಬ್ಬು ಗಂಟಿಕ್ಕುತ್ತಿತ್ತು. ಸೌಟು ಹಿಡಿದಿದ್ದ ಅಮ್ಮನೋ, ಆ ಕಛೇರಿಗಳನ್ನೆಲ್ಲ ಒಲೆಯ ಮುಂದೆಯೇ ಕೇಳಿದವರು. ಮರುದಿನ ಹೂ ಕಟ್ಟುವಾಗ ಅವರ ಬಾಯಲ್ಲಿ ಹಿಂದಿನ ಸಂಜೆಯ ಸಂಗತಿಗಳು, ಅಂದರೆ ಒಂದೊಂದು ಸಾಲನ್ನು ಹಾಡಿದ ಬೇರೆ ಬೇರೆ ವರಸೆಗಳು, ಒಂದೂ ತಪ್ಪದೆ ಗುನುಗುತ್ತಿದ್ದವು. ಚಾಪೆಯ ಮೇಲೆ ಕೂತು ಕಾಲಿಗೆ ಜೋಮು ಹಿಡಿಸಿಕೊಂಡ ನಮಗೆ ಜೋಮಿನ ಹೊರತು ಬೇರೇನೂ ನೆನಪಿರುತ್ತಿರಲಿಲ್ಲ. ಕೆಲಸದ ನಡುವೆ ಕೇಳಿದ ಸಂಗೀತ ಅರ್ಧ ಕೇಳಿದ ಸಂಗೀತ ಎಂದು ತಂದೆಯವರು ಹೇಳುತ್ತಿದ್ದ ಮಾತನ್ನು ನಾನು ಐವತ್ತು ವರ್ಷ ನಂಬಿಕೊಂಡಿದ್ದು, ಶಾಲೆಯಿಂದ ನಿವೃತ್ತಳಾದ ಮೇಲೆ ಅವರೆಕಾಳಿನ ಮೊರದ ಮುಂದೆ ಕೈಬಿಟ್ಟೆ.

ಹೀಗೆ ಕೈಬಿಟ್ಟದ್ದಕ್ಕೆ ಸಮರ್ಥನೆ ಹುಡುಕಿಕೊಂಡು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದಲ್ಲಿರುವ ರುದ್ರಪಟ್ಟಣ ಹಳ್ಳಿಯ ಸಂಕೇತಿ ಸಮುದಾಯದ ಮನೆತನಗಳಿಂದ ಬಂದ ವಿದ್ವಾಂಸರ ಹೆಸರುಗಳನ್ನು ಪಟ್ಟಿ ಮಾಡಲು ಕೂತರೆ, ಒಂದು ಸಣ್ಣ ಊರು ಇಷ್ಟು ಸಂಗೀತವನ್ನು ಎಲ್ಲಿ ಇಟ್ಟುಕೊಂಡಿತ್ತು ಎಂದು ಬೆರಗಾಗುತ್ತದೆ. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರು ಆಕಾಶವಾಣಿಯಲ್ಲಿ ನೌಕರಿ ಮಾಡಿಕೊಂಡೇ ಹಾಡಿದರು, ನೂರಾರು ಶಿಷ್ಯರಿಗೆ ಪಾಠ ಹೇಳಿದರು, 2011ರಲ್ಲಿ ಪದ್ಮಭೂಷಣ ಬಂದಾಗಲೂ ತೊಂಬತ್ತು ದಾಟಿದ ಆ ಕಂಠ ವೇದಿಕೆಯನ್ನು ಬಿಟ್ಟಿರಲಿಲ್ಲ, 2014ರಲ್ಲಿ ತೀರಿಕೊಂಡರು. ರುದ್ರಪಟ್ಟಣಂ ಸಹೋದರರೆಂದು ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರಲ್ಲಿ ತಾರಾನಾಥನ್ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಯಲ್ಲಿ ವಿಜ್ಞಾನಿಯಾಗಿದ್ದವರು. ಹಗಲೆಲ್ಲ ಪ್ರಯೋಗಾಲಯ, ಉಳಿದ ಹೊತ್ತಿಗೆ ರಾಗ. ಇವರ ಸಂಗೀತ ಬದುಕಿನ ಬೇರೆ ಕೆಲಸಗಳನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡು ಬೆಳೆದದ್ದಲ್ಲ ಎಂಬುದು ನನಗೆ ಸಮಾಧಾನ ಕೊಡುವ ಸಂಗತಿ.

ಶ್ರೀಕಂಠನ್ ಅವರ ಹಾಡುಗಾರಿಕೆ ನನಗೆ ಅಷ್ಟು ಪ್ರಿಯವಾಗಲು ನನ್ನ ವೃತ್ತಿಯೂ ಕಾರಣವಿರಬಹುದು. ಮೂವತ್ತೆರಡು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳಿಗೆ ಅಕ್ಷರ ನುಂಗುವವರನ್ನು ಕಂಡರೆ ಆಗದು. ಶ್ರೀಕಂಠನ್ ಅವರ ಬಾಯಲ್ಲಿ ದೇವರನಾಮದ ಒಂದೊಂದು ಒತ್ತಕ್ಷರವೂ ಬಿಡಿಯಾಗಿ ಕೇಳುತ್ತದೆ. ಪದ ಒಡೆಯಬಾರದ ಕಡೆ ಒಡೆಯುವುದಿಲ್ಲ, ಸ್ವರಕ್ಕಾಗಿ ಅರ್ಥವನ್ನು ಬಲಿಕೊಡುವುದಿಲ್ಲ. ಎರಡು ವರ್ಷಗಳ ಹಿಂದೆ ತಂಗಿಯೊಂದಿಗೆ ರುದ್ರಪಟ್ಟಣಕ್ಕೆ ಹೋಗಿದ್ದೆ. ಅದೇ ಊರಿನ ಗಾಯಕ ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ಅಲ್ಲೊಂದು ಸಪ್ತಸ್ವರ ದೇವತಾ ಮಂದಿರ ಎದ್ದಿದೆ. ಕಟ್ಟಡದ ಆಕಾರವೇ ತಂಬೂರಿ. ದೂರದಿಂದ ನೋಡಿದಾಗ ಇಷ್ಟೊಂದು ನೇರವಾಗಿ ಹೇಳಬೇಕಿತ್ತೇ ಎನ್ನಿಸಿದ್ದು ನಿಜ. ಹತ್ತಿರ ಹೋಗಿ ಅದರ ನೆರಳಿನಲ್ಲಿ ಅರ್ಧ ಗಂಟೆ ಕೂತ ಮೇಲೆ ಆ ತಕರಾರು ಕರಗಿತು. ನಾವು ಕೂತಿದ್ದಷ್ಟು ಹೊತ್ತು ಪಕ್ಕದ ದಾರಿಯಲ್ಲಿ ಹುಲ್ಲಿನ ಹೊರೆ, ಟ್ರ್ಯಾಕ್ಟರು, ಹಸು ಎಲ್ಲವೂ ಸಾಗುತ್ತಿದ್ದವು, ಯಾರೂ ಸದ್ದು ಮಾಡಬೇಡಿ ಎನ್ನಲಿಲ್ಲ.

ತಂಬೂರಿಯ ಮಾತು ಬಂದದ್ದರಿಂದ ಕೆಂಚನ ವಿಷಯವನ್ನು ಹೇಳಲೇಬೇಕು. ಕೆಂಚ ನಮ್ಮ ಬೀದಿಯ ನಾಯಿ. ಮೂರು ತಿಂಗಳ ಮರಿಯಾಗಿದ್ದಾಗ ಮಳೆಯೊಂದರ ರಾತ್ರಿ ಗೇಟಿನೊಳಗೆ ನುಸುಳಿ ಬಂದು, ಹೊರಗೆ ಹೋಗುವ ವಿಷಯವನ್ನು ಮರೆತುಬಿಟ್ಟ. ತಂದೆಯವರ ಹಲಸಿನ ಮರದ ತಂಬೂರಿ ಒಳಕೋಣೆಯಲ್ಲಿ ಮಲಗಿರುತ್ತದೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಸಿಕ್ಕಿಸುವ ನೂಲೆಳೆಗೆ ಜೀವಾಳ ಎನ್ನುತ್ತಾರೆ; ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ಸರಿಯಾದ ಜಾಗ ಸಿಕ್ಕಿದಾಗ, ಅಲ್ಲಿಯವರೆಗೆ ಸಪ್ಪೆಯಾಗಿ ಟಿಣ್ ಎನ್ನುತ್ತಿದ್ದ ತಂತಿ ಜೇನುಹುಟ್ಟಿನಂತೆ ಝೇಂಕರಿಸುತ್ತದೆ. ಇಂಥ ಹೆಸರಿಟ್ಟವರು ಯಾರೋ, ಅವರಿಗೆ ನಮಸ್ಕಾರ. ಮರಿ ಕೆಂಚ ಒಂದು ಮಧ್ಯಾಹ್ನ ಆ ನಾಲ್ಕು ಜೀವಾಳಗಳನ್ನೂ ಎಳೆದು ಜಗಿದು ಉಗಿದಿದ್ದ. ನಾನು ಮೊದಲು ಕೂಗಾಡಿದೆ. ಆಮೇಲೆ ರವಿಕೆ ಹೊಲಿಯುವ ಹತ್ತಿ ದಾರದ ಉಂಡೆ ತಂದು, ನಾಲ್ಕು ತುಂಡು ಮಾಡಿ, ಪಂಚಮ, ಎರಡು ಸಾರಣೆ, ಮಂದ್ರ ಎಂದು ಒಂದೊಂದಕ್ಕೂ ಜೀವಾಳ ಕೂರಿಸುತ್ತಾ ಎರಡು ಗಂಟೆ ಕಳೆದೆ. ತಂದೆಯವರು ಹೋದ ಮೇಲೆ ಆ ತಂಬೂರಿಯನ್ನು ನಾನು ಮುಟ್ಟಿದ್ದು ಅದೇ ಮೊದಲು. ಮಂದ್ರದ ತಂತಿ ಝೇಂಕರಿಸಿದಾಗ ಅಪರಾಧಿ ಬಂದು ಬುರುಡೆಯ ಪಕ್ಕ ಮೈಚಾಚಿ ನಿದ್ದೆ ಹೋದ.

ಈಗಲೂ ಶ್ರುತಿ ಹಿಡಿದರೆ ಅವನಿಗೆ ನಿದ್ದೆ. ತನಿ ಆವರ್ತನ, ಅಂದರೆ ಮೃದಂಗದವರ ಸರದಿ, ಶುರುವಾದರೆ ಒಂದು ಕಿವಿ ಮಾತ್ರ ನೆಟ್ಟಗಾಗುತ್ತದೆ. ನಾಗಸ್ವರ ಬಂತೋ, ಕತ್ತು ಮೇಲೆತ್ತಿ ಜೊತೆಗೂಡಿ ಊಳಿಡುತ್ತಾನೆ. ಶ್ರುತಿ ಸೇರುವುದಿಲ್ಲವೆಂದು ಎಷ್ಟು ಹೇಳಿದರೂ ಕೇಳುವುದಿಲ್ಲ.

ಮೊರಕ್ಕೆ ಮರಳುತ್ತೇನೆ. ಅವರೆಕಾಳು ನನಗೆ ಕಲಿಸಿದ ಪಾಠವನ್ನು ಚಾಪೆ ಕಲಿಸಿರಲಿಲ್ಲ. ಆಲಾಪನೆ ನಡೆಯುವಷ್ಟು ಹೊತ್ತು ತಾಳದ ಹಂಗಿಲ್ಲವಾದ್ದರಿಂದ ಬೆರಳುಗಳು ತಮಗೆ ತೋಚಿದ ಹಾಗೆ ಕಾಳು ಹಿತಕುತ್ತವೆ. ಕೃತಿ ಹಿಡಿದು ಮೃದಂಗ ಸೇರಿತೆಂದರೆ, ನಾನು ಎಣಿಸದಿದ್ದರೂ, ಆದಿತಾಳದ ನಾಲ್ಕು, ಎರಡು, ಎರಡರ ಲೆಕ್ಕಕ್ಕೆ ಎಂಟು ಬೇಳೆ ಮೊರಕ್ಕೆ ಬೀಳುತ್ತವೆ. ತಾಳದ ಮೊದಲ ಪೆಟ್ಟಿಗೇ ಹಾಡು ಹಿಡಿಯದೆ, ಸ್ವಲ್ಪ ಬಿಟ್ಟು ಹಿಡಿಯುವುದನ್ನು ಅನಾಗತ ಎನ್ನುತ್ತಾರೆಂದು ಪುಸ್ತಕದಲ್ಲಿ ಓದಿ ಪರೀಕ್ಷೆಗೂ ಬರೆದಿದ್ದೆ. ಅದೇನೆಂದು ತಿಳಿದದ್ದು, ಅಂಥ ಕೃತಿ ಬಂದಾಗ ನನ್ನ ಬೆರಳು ಮೊದಲ ಪೆಟ್ಟಿಗೆ ಬರಿದೆ ನಿಂತು, ಅರೆಗಳಿಗೆ ತಡೆದು ಕಾಳನ್ನು ಒತ್ತಿದ ದಿನ. ಮೂರು ಮತ್ತು ನಾಲ್ಕಾಗಿ ಒಡೆಯುವ ಮಿಶ್ರಛಾಪಿನ ಏಳಕ್ಕೆ ಕೈ ಇನ್ನೂ ಪಳಗಿಲ್ಲ. ಮಿಶ್ರಛಾಪು ಬಂದ ಸಂಜೆ ನಾಲ್ಕಾರು ಬೇಳೆ ಮೊರದಾಚೆ ಹಾರುತ್ತವೆ, ಅವುಗಳ ಹಕ್ಕುದಾರ ಕೆಳಗೇ ಕಾದಿರುತ್ತಾನೆ.

ಹಾಗೆಂದು ಎಲ್ಲ ಸಂಗೀತವೂ ಕೆಲಸದ ಜೊತೆ ನಡೆಯುತ್ತದೆ ಎಂದು ನಾನು ವಾದಿಸುವುದಿಲ್ಲ. ಸಂಜೆ ಇಳಿಯುವಾಗ ಕಲ್ಯಾಣಿ ರಾಗದ ಆಲಾಪನೆ ಮೇಲಿನ ಷಡ್ಜದ ಹತ್ತಿರ ಹೋಗಿ, ಮುಟ್ಟದೆ, ನಿಷಾದದಲ್ಲಿ ಸುಳಿದಾಡುತ್ತಾ ನಿಂತಾಗ, ಬೆರಳುಗಳ ನಡುವೆ ಕಾಳು ಹಾಗೇ ಉಳಿದುಬಿಡುತ್ತದೆ. ತಂದೆಯವರು ಅಪ್ಪಣೆಯಿಂದ ತರಲು ಹೊರಟಿದ್ದ ನಿಶ್ಚಲತೆ ಅದೇ ಇರಬೇಕು. ಅದು ಬರುವ ಹೊತ್ತಿಗೆ ತಾನಾಗಿ ಬರುತ್ತದೆ, ಮತ್ತೆ ಎರಡು ನಿಮಿಷಕ್ಕೆ ಹೋಗುತ್ತದೆ, ಸಾರಿಗೆ ತಡವಾಗುವುದಿಲ್ಲ.

ಬೇಲೂರಿನ ಶಿಲ್ಪಿಗಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ಕಂಬ ಮತ್ತು ಚಾವಣಿಯ ನಡುವೆ ವಾಲಿಕೊಂಡಿರುವ ಮದನಿಕೆಯರನ್ನು ಮಕ್ಕಳ ಪ್ರವಾಸದ ನೆಪದಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಲ್ಲಿ ವಾದ್ಯ ನುಡಿಸುವವಳಿದ್ದಾಳೆ, ಕುಣಿಯುವವಳಿದ್ದಾಳೆ. ಅದೇ ಸಾಲಿನಲ್ಲಿ ಕೈಮೇಲೆ ಗಿಳಿಯನ್ನಿಟ್ಟುಕೊಂಡು ಮಾತನಾಡುವವಳೂ, ಸೀರೆ ಎಳೆಯುವ ಕೋತಿಯನ್ನು ಗದರಿಸುವವಳೂ ಇದ್ದಾರೆ. ದೇವರ ಗುಡಿಯೆಂದು ಕೋತಿಯನ್ನು ಹೊರಗಿಡಲಿಲ್ಲ. ಗಿಳಿಗೂ ಮದ್ದಳೆಗೂ ಒಂದೇ ನಯಗೆಲಸ, ಒಂದೇ ಕಲ್ಲು.

ಇನ್ನು ಕ್ರಿಕೆಟ್. ನಮ್ಮ ಮನೆಯ ಹಿಂದೆ ನಾಲ್ಕು ನಿವೇಶನಗಳು ಖಾಲಿ ಬಿದ್ದಿದ್ದು, ಶನಿವಾರ ಮತ್ತು ಭಾನುವಾರ ಬಡಾವಣೆಯ ಹುಡುಗರ ಟೆನಿಸ್ ಚೆಂಡಿನ ಪಂದ್ಯ ಅಲ್ಲೇ ನಡೆಯುತ್ತದೆ. ಮೊದಲ ಎಸೆತ ಟ್ರಯಲ್ ಬಾಲ್. ಒಂದು ಪುಟ ಬಿದ್ದ ಮೇಲೆ ಒಂದೇ ಕೈಯಲ್ಲಿ ಹಿಡಿದರೆ ಔಟ್. ಆಟಗಾರರ ಸಂಖ್ಯೆ ಬೆಸವಾದರೆ ಒಬ್ಬ ಜೋಕರ್ ಆಗಿ ಎರಡೂ ಕಡೆ ಆಡಬೇಕು. ನಾನು ಜಗಲಿಯಿಂದ ಪಂದ್ಯವನ್ನು ನೋಡಲಾರೆ, ಕೇಳುತ್ತೇನೆ. ಚೆಂಡು ಬ್ಯಾಟಿನ ನಡುವಿಗೆ ಬಿದ್ದರೆ ಒಂದು ಸದ್ದು, ಅಂಚಿಗೆ ತಾಗಿದರೆ ಇನ್ನೊಂದು. ವಿಕೆಟ್ಟಿಗೆ ಇಟ್ಟ ತಗಡಿನ ಡಬ್ಬಕ್ಕೆ ಬಿದ್ದರಂತೂ ಇಡೀ ಬೀದಿಗೆ ಗೊತ್ತು.

ವಿಚಿತ್ರವೆಂದರೆ ಕ್ರಿಕೆಟ್ ವೀಕ್ಷಕ ವಿವರಣೆಗೆ ನಮ್ಮ ತಂದೆಯವರು ಎಂದೂ ಚಾಪೆ ಹಾಸಿದವರಲ್ಲ. ಅದನ್ನು ಅವರು ಗಿಡಗಳಿಗೆ ಪಾತಿ ಮಾಡುತ್ತಲೋ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಲೋ ಕೇಳುತ್ತಿದ್ದರು, ಒಂದು ಎಸೆತವನ್ನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ನನಗೂ ಆ ಅಭ್ಯಾಸ ಬಂತು. 1999ರ ಫೆಬ್ರವರಿಯಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಜಾವಗಲ್ ಶ್ರೀನಾಥ್ ಎರಡನೆಯ ಇನಿಂಗ್ಸ್‌ನಲ್ಲಿ 86 ರನ್ನಿಗೆ 8 ವಿಕೆಟ್ ಕಿತ್ತಾಗ, ನಾನು ಶಿಕ್ಷಕರ ಕೊಠಡಿಯಲ್ಲಿ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಾ ರೇಡಿಯೋ ಕೇಳುತ್ತಿದ್ದೆ. ಆ ದಿನ ತಿದ್ದಿದ ಪತ್ರಿಕೆಗಳಲ್ಲಿ ಅಂಕ ಸ್ವಲ್ಪ ಧಾರಾಳವಾಗಿ ಬಿದ್ದಿದ್ದರೆ ಆಶ್ಚರ್ಯವಿಲ್ಲ. ಪಂದ್ಯದಲ್ಲಿ ಅವರು ಒಟ್ಟು 13 ವಿಕೆಟ್ ಪಡೆದರೂ ಭಾರತ 46 ರನ್ನಿನಿಂದ ಸೋತದ್ದು ಇಂದಿಗೂ ಚುಚ್ಚುತ್ತದೆ. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಹೆಸರಿನ ಮುಂದೆ ಅರಸೀಕೆರೆ ತಾಲ್ಲೂಕಿನ ಜಾವಗಲ್ಲನ್ನು ಹೊತ್ತು ಜಗತ್ತು ಸುತ್ತಿದವರು. ನಮಗೆ ಅಷ್ಟು ಸಾಕು. ಅರಸೀಕೆರೆಯಲ್ಲೇ ಹುಟ್ಟಿದ ಡೇವಿಡ್ ಜಾನ್ಸನ್ ಅವರನ್ನು ಮಾತ್ರ ಜನ ಬೇಗ ಮರೆತರು. 1996ರಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾದ ವಿರುದ್ಧ ಅವರು ಮೊದಲ ಟೆಸ್ಟ್ ಆಡಿದ್ದು ಗಾಯಗೊಂಡಿದ್ದ ಶ್ರೀನಾಥ್ ಅವರ ಜಾಗದಲ್ಲಿ. ಅಂದರೆ ನಮ್ಮ ಜಿಲ್ಲೆಯ ಒಂದು ಹೆಸರು ಕೂತಾಗ ಇನ್ನೊಂದು ಎದ್ದಿತ್ತು. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಇನ್ನೊಂದು ಟೆಸ್ಟ್ ಆಡಿದರು, ಅಲ್ಲಿಗೆ ಮುಗಿಯಿತು. ಹಿಂದಿನ ನಿವೇಶನದ ಹುಡುಗರಿಗೆ ಈ ಹೆಸರನ್ನು ಹೇಳಿದರೆ, 'ಅವರು ಐಪಿಎಲ್‌ನಲ್ಲಿ ಯಾವ ಟೀಮ್ ಮಿಸ್?' ಎಂದು ಕೇಳಿದರು.

ಚೆಂಡು ನಮ್ಮ ಕಾಂಪೌಂಡಿನೊಳಗೆ ಬೀಳುವುದು ವಾರಕ್ಕೆ ಮೂರು ಸಲವಾದರೂ ಆಗುವ ಕಥೆ. ಕೆಂಚ ಅದನ್ನು ಕಚ್ಚಿಕೊಂಡು ದಾಸವಾಳದ ಗಿಡದ ಬುಡಕ್ಕೆ ಹೋದನೆಂದರೆ, ಬಿಡಿಸಿ ತರುವಷ್ಟರಲ್ಲಿ ಚೆಂಡಿನ ಮೇಲಿನ ಉಣ್ಣೆ ಅರ್ಧ ಹೋಗಿರುತ್ತದೆ. ಕಳೆದ ಭಾನುವಾರ ಚೆಂಡು ನೇರವಾಗಿ ಮೊರಕ್ಕೇ ಬಿತ್ತು. ಬೇಳೆ ಜಗಲಿಯ ತುಂಬ ಚೆಲ್ಲಾಡಿತು. ಹಾಡಿನ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ಒಳ್ಳೆಯ ನೆರವಲ್ ನಡೆಯುತ್ತಿದ್ದದ್ದು ಹಾಗೇ ನಡೆಯಿತು. ಗೇಟಿನ ಹತ್ತಿರ ಬಂದ ಹುಡುಗ ನನ್ನ ಮುಖ ನೋಡಿ ಅಲ್ಲೇ ನಿಂತ.

'ಮಿಸ್, ಬಾಲ್...'

'ಈ ಹಾಡು ಮುಗೀಲಿ, ಕೊಡ್ತೀನಿ' ಎಂದೆ.

'ಎಷ್ಟೊತ್ತಾಗುತ್ತೆ ಮಿಸ್?'

ಸ್ವರ ಇನ್ನೂ ಬಾಕಿಯಿತ್ತು, ಅದಾದ ಮೇಲೆ ತನಿಯೂ ಇತ್ತು. ಇಪ್ಪತ್ತು ನಿಮಿಷ ಎಂದದ್ದಕ್ಕೆ ಅವನ ಮುಖ ಇಳಿಯಿತು. ನಾನು ಒಳಗೆ ಹೋಗಿ, ಇಂಥ ಸಂದರ್ಭಕ್ಕೆಂದೇ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿರುವ ಚೆಂಡುಗಳಲ್ಲಿ ಒಂದನ್ನು ತಂದು ಕೊಟ್ಟೆ. ಅವನು ಓಡಿಹೋದ ಮೇಲೆ ಗೋಡೆಯಾಚೆ ದೊಡ್ಡ ಸಮಾಲೋಚನೆ ನಡೆದು, ಕೊನೆಗೆ ತೀರ್ಪು ಕೇಳಿಸಿತು: ಮಿಸ್ ಮನೆಗೆ ಹೊಡೆದರೆ ಔಟ್, ಮಿಸ್ ಮನೇಲಿ ಹಾಡು ಬರ್ತಿರುವಾಗ ಹೊಡೆದರೆ ಔಟೂ ಆಗಬೇಕು, ಬಂದು ಕಾಳೂ ಆರಿಸಿಕೊಡಬೇಕು.