ಕಾರಿನ ಮೇಲೆ ಉಳಿದ ಅಂಟಿಗೆ ಪೆಟ್ರೋಲ್ ಹಾಕಬಹುದಾ?

ನನಗೆ ಕಾರಿನ ಹುಚ್ಚು ಸ್ವಲ್ಪ ಜಾಸ್ತಿ ಎಂದು ಗೊತ್ತಿರುವವರು ಯಾವಾಗಲೂ ಕೇಳುವ ಪ್ರಶ್ನೆ ಇದು: "ಸ್ಟಿಕ್ಕರ್ ಕಿತ್ತೆ, ಅಂಟು ಮಾತ್ರ ಹಾಗೇ ಕೂತಿದೆ. ಪೆಟ್ರೋಲ್ ಹಾಕಿ ಉಜ್ಜಲಾ, ಥಿನ್ನರ್ ಹಾಕಲಾ?"

ಎರಡೂ ಬೇಡ. ಉಜ್ಜುವುದಂತೂ ಬೇಡವೇ ಬೇಡ. ಎಲ್ಲರೂ ಯಾವ ದ್ರವ ಹಾಕಬೇಕು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಅದನ್ನು ಹಾಕಿ ಎಷ್ಟು ಹೊತ್ತು ಸುಮ್ನೆ ಬಿಡಬೇಕು ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಪೇಂಟ್ ಉಳಿಯುವುದು, ಹಾಳಾಗುವುದು ಅಲ್ಲೇ.

ಈಗಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಇನ್ನೊಂದು ಪಾರದರ್ಶಕ ಪದರ ಇರುತ್ತದೆ. ಅದೇ ಕ್ಲಿಯರ್ ಕೋಟ್. ನಾವು ಮೆಚ್ಚುವ ಹೊಳಪು ಇರುವುದು ಅದರಲ್ಲೇ. ಅದರ ದಪ್ಪ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸು, ಅಂದರೆ 1 ಮಿಲಿಮೀಟರಿನಲ್ಲಿ 20ನೇ ಒಂದು ಭಾಗ. ಇಷ್ಟು ತೆಳುವಾದ ಪದರದ ಮೇಲೆ ಪಾತ್ರೆ ಉಜ್ಜುವ ಸ್ಕ್ರಬರ್ ಆಡಿಸಿದರೆ ಏನಾಗುತ್ತದೆ ಹೇಳಿ. ಅಂಟು ಹೋಗುತ್ತದೆ, ಹೊಳಪೂ ಅದರ ಜೊತೆ ಹೋಗುತ್ತದೆ. ಗೋಡೆಯ ಕಲೆ ತೆಗೆಯಲು ಬಳಸುವ ಬಿಳಿ ಮೆಲಮೈನ್ ಸ್ಪಂಜೂ ಅಷ್ಟೇ. ಕೈಗೆ ಮೆತ್ತಗಿದ್ದರೂ ಅದು ಕೆಲಸ ಮಾಡುವುದು ತರಿಯುವುದರಿಂದಲೇ.

ಸ್ಟಿಕ್ಕರ್ ಅಂಟು ಒಣಗಿ ಗಟ್ಟಿಯಾಗುವ ಜಾತಿಯದಲ್ಲ. ಒತ್ತಿದರೆ ಹಿಡಿದುಕೊಳ್ಳುವ, ಸದಾ ಮೆತ್ತಗೇ ಇರುವ ರಬ್ಬರ್ ಅಥವಾ ಅಕ್ರಿಲಿಕ್ ಅಂಟು. ನೀರಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೇ ಎಷ್ಟು ಶಾಂಪೂ ಹಾಕಿ ತೊಳೆದರೂ ಜಿಗುಟು ಹೋಗುವುದಿಲ್ಲ. ಹಾಗಂತ ತೊಳೆಯದೇ ಶುರು ಮಾಡಬೇಡಿ. ಅಂಟಿನ ಮೇಲೆ ಧೂಳು, ಮರಳಿನ ಕಣ ಹಿಡಿದಿರುತ್ತವೆ. ಮೊದಲು ಆ ಜಾಗವನ್ನು ಸೋಪಿನ ನೀರಲ್ಲಿ ತೊಳೆಯದೆ ಬಟ್ಟೆ ಆಡಿಸಿದರೆ, ಮರಳು ಕಾಗದದಲ್ಲಿ ತಿಕ್ಕಿದ ಹಾಗೇ.

ಸ್ಟಿಕ್ಕರ್ ಇನ್ನೂ ಕಿತ್ತಿಲ್ಲವೇ? ಹಾಗಾದರೆ ನಿಮ್ಮ ಅರ್ಧ ಕೆಲಸ ಉಳಿಯಿತು. ಹೇರ್ ಡ್ರೈಯರ್ ತೆಗೆದುಕೊಳ್ಳಿ. ಒಂದು ಗೇಣು ದೂರದಿಂದ ಬಿಸಿ ಗಾಳಿ ಬಿಡುತ್ತಾ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಮುಟ್ಟಿದರೆ ಬಿಸಿ ಅನಿಸಬೇಕು, ಆದರೆ ಕೈ ಇಡಲು ಆಗಬೇಕು. ಅಂಚನ್ನು ಉಗುರಲ್ಲಿ ಎಬ್ಬಿಸಿ, ಸ್ಟಿಕ್ಕರನ್ನು ಅದರ ಮೇಲೇ ಮಡಚಿದಂತೆ ಹಿಂದಕ್ಕೆ ನಿಧಾನವಾಗಿ ಎಳೆಯಿರಿ. ನಿಧಾನವಾಗಿ ಎಳೆದರೆ ಅಂಟೂ ಸ್ಟಿಕ್ಕರ್ ಜೊತೆಗೇ ಬರುವ ಸಾಧ್ಯತೆ ಜಾಸ್ತಿ. ತಣ್ಣಗಿರುವಾಗ ಪಟ್ಟನೆ ಕಿತ್ತರೆ ಸ್ಟಿಕ್ಕರ್ ಹರಿಯುತ್ತದೆ, ಅಂಟು ಅಲ್ಲೇ ಉಳಿಯುತ್ತದೆ. ಪೇಂಟ್ ಸುಲಿಯಲು ಬಳಸುವ ಹೀಟ್ ಗನ್ ಮಾತ್ರ ತರಬೇಡಿ. ಕೆಲವು 500 ಡಿಗ್ರಿ ಸೆಲ್ಸಿಯಸ್ ದಾಟುತ್ತವೆ. ಅದರ ಕೆಲಸವೇ ಪೇಂಟ್ ಸುಲಿಯುವುದು ಅಲ್ವಾ?

ಅಂಟು ಉಳಿದೇಬಿಟ್ಟಿದ್ದರೆ, ಬಿಸಿ ಮಾಡಿ ಹೆಬ್ಬೆರಳಿನಿಂದ ಉರುಳಿಸಿ ನೋಡಿ. ದಪ್ಪ ಅಂಟು ಸಣ್ಣ ಉಂಡೆಯಾಗಿ ಎದ್ದು ಬರುತ್ತದೆ. ತೆಳ್ಳಗೆ ಉಳಿದದ್ದಕ್ಕೆ ಮಾತ್ರ ದ್ರವ ಬೇಕು. ದ್ರವ ಕೈಗೆತ್ತಿಕೊಳ್ಳುವ ಮೊದಲು ಡ್ರೈಯರ್ ಪ್ಲಗ್ ತೆಗೆದು ದೂರ ಇಡಿ. ಈ ದ್ರವಗಳಲ್ಲಿ ಬಹಳಷ್ಟು ಬೆಂಕಿ ಹಿಡಿಯುವಂಥವು. ಕಾರು ನೆರಳಲ್ಲಿರಲಿ, ಗಾಳಿ ಆಡುತ್ತಿರಲಿ, ಲೋಹ ತಣ್ಣಗಾಗಲಿ. ಬಿಸಿ ಬಾನೆಟ್ ಮೇಲೆ ಹಾಕಿದ್ದು ಅಂಟಿಗೆ ಇಳಿಯುವ ಮೊದಲೇ ಆವಿಯಾಗಿ ಹೋಗುತ್ತದೆ.

ನಾನು ಮೊದಲು ಕೈ ಹಾಕುವುದು ಅಡುಗೆ ಎಣ್ಣೆಗೆ. ನಗಬೇಡಿ. ರಬ್ಬರ್ ಅಂಟಿಗೆ ಎಣ್ಣೆ ಇಳಿದರೆ ಅದು ಉಬ್ಬಿ ಹಿಡಿತ ಸಡಿಲ ಮಾಡುತ್ತದೆ. ಪೇಂಟಿಗೆ ಏನೂ ಆಗುವುದಿಲ್ಲ. ತಾಳ್ಮೆ ಮಾತ್ರ ಬೇಕು. ಅದಕ್ಕೂ ಜಗ್ಗದಿದ್ದರೆ ಕಾರಿಗೆಂದೇ ಮಾರುವ ಅಂಟು ತೆಗೆಯುವ ದ್ರಾವಣ, ಇಲ್ಲವೇ ತುಕ್ಕು ಹಿಡಿದ ನಟ್ಟು ಸಡಿಲಿಸಲು ಬಳಸುವ ಡಬ್ಲ್ಯೂಡಿ-40 ಸ್ಪ್ರೇ. ಸೀಮೆಎಣ್ಣೆಯೂ ಆಗುತ್ತದೆ. ರಸ್ತೆಯ ಟಾರು ಸಿಡಿದು ಕೂತಿದ್ದರೆ ಅದಕ್ಕೂ ಇವೇ.

ಹಾಕುವ ರೀತಿ ಹೀಗೆ. ಮೃದುವಾದ ಬಟ್ಟೆಯ ತುಂಡನ್ನು ದ್ರವದಲ್ಲಿ ತೋಯಿಸಿ ಅಂಟಿನ ಮೇಲೆ ಹಾಸಿಬಿಡಿ. ಬಾಗಿಲಿನಂಥ ನೆಟ್ಟಗಿನ ಜಾಗದಲ್ಲೂ ತೊಯ್ದ ಬಟ್ಟೆ ಹಾಗೇ ಅಂಟಿಕೊಂಡು ನಿಲ್ಲುತ್ತದೆ. ನೇರವಾಗಿ ಸುರಿದರೆ ಮಾತ್ರ ಎಲ್ಲ ಕೆಳಗೆ ಇಳಿದುಹೋಗುತ್ತದೆ. 5 ನಿಮಿಷ ಬಿಡಿ, ಎಣ್ಣೆಯಾದರೆ ಇನ್ನೂ ಹೆಚ್ಚು. ಆಮೇಲೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲಗೆ ತಳ್ಳಿ. ಬ್ಲೇಡು, ಚಾಕು ಬೇಡ. ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಪ್ರತಿ ಸಲ ಬಟ್ಟೆಯ ಮಡಿಕೆ ಬದಲಿಸಿ. ಇಲ್ಲದಿದ್ದರೆ ತೆಗೆದ ಅಂಟನ್ನೇ ಪಕ್ಕಕ್ಕೆ ಬಳಿಯುತ್ತೀರಿ. ಹೋಗಲಿಲ್ಲವೇ? ಕೈಯ ಬಲ ಹೆಚ್ಚಿಸಬೇಡಿ, ಬಟ್ಟೆಯನ್ನು ಇನ್ನೊಮ್ಮೆ ಹಾಸಿ. ಉಳಿದ ಜಿಡ್ಡಿಗೆ ಕೊನೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ (ಕೆಲವು ಸ್ಯಾನಿಟೈಸರ್‌ಗಳಲ್ಲಿ ಇರುವ ಆಲ್ಕೋಹಾಲ್) ನೀರು ಬೆರೆಸಿ ಒಂದು ಕೈ ಒರೆಸಿದರೆ ಸಾಕು.

ಪೆಟ್ರೋಲ್ ಯಾಕೆ ಬೇಡ? ಕ್ಷಣದಲ್ಲಿ ಆವಿಯಾಗುವುದರಿಂದ ಅಂಟಿನ ಮೇಲೆ ನಿಲ್ಲುವುದೇ ಇಲ್ಲ. ಆ ಆವಿಗೆ ಒಂದು ಕಿಡಿ ಸಾಕು. ಥಿನ್ನರ್, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಕಥೆ ಬೇರೆ. ಅವು ಅಂಟನ್ನೂ ಪೇಂಟನ್ನೂ ಬೇರೆ ಮಾಡಿ ನೋಡುವುದಿಲ್ಲ. "ನಾನು ಹಾಕಿದ್ದೆ, ಏನೂ ಆಗಲಿಲ್ಲ" ಎನ್ನುವವರು ಸಿಗುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಕಾರ್ಖಾನೆಯಲ್ಲಿ ಪೇಂಟನ್ನು 100 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖದಲ್ಲಿ ಬೇಯಿಸಿರುತ್ತಾರೆ, ಹಾಗಾಗಿ ಅದು ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು. ಗ್ಯಾರೇಜಿನಲ್ಲಿ ಮತ್ತೆ ಹೊಡೆದ ಪೇಂಟಿಗೆ ಅಷ್ಟು ಶಾಖ ಸಿಕ್ಕಿರುವುದಿಲ್ಲ. ಸ್ಪ್ರೇ ಡಬ್ಬಿಯಿಂದ ಟಚಪ್ ಮಾಡಿದ್ದಂತೂ ಥಿನ್ನರ್ ತಾಗಿದರೆ ಕರಗಿ ಬಟ್ಟೆಗೇ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಾದರೆ ಯಾವ ಬಾಗಿಲಿಗೆ ಯಾವಾಗ ಪೇಂಟ್ ಹೊಡೆದಿದ್ದಾರೋ ಬಲ್ಲವರಾರು? ಆದ್ದರಿಂದ ಯಾವ ದ್ರವವಾದರೂ ಅದೇ ಬಾಗಿಲಿನ ಕಾಣದ ಅಂಚಿನಲ್ಲಿ ಒಂದು ಹನಿ ಹಾಕಿ ನೋಡಿ. ಬಟ್ಟೆಗೆ ಬಣ್ಣ ಬಂದರೆ, ಹೊಳಪು ಮಂಕಾದರೆ ಅಲ್ಲೇ ನಿಲ್ಲಿಸಿ.

ಹೆಡ್‌ಲೈಟ್ ಮೇಲೆ ಈ ಯಾವ ಪ್ರಯೋಗವೂ ಬೇಡ. ಅದು ಗಾಜಲ್ಲ, ಸಾಮಾನ್ಯವಾಗಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಖಾರವಾದ ದ್ರವ ತಾಗಿದರೆ ಒಳಗೆ ಕೂದಲಿನಂಥ ಬಿರುಕು ಬೀಳುತ್ತದೆ. ಹೊಳಪಿಲ್ಲದ ಮ್ಯಾಟ್ ಪೇಂಟ್ ಇದ್ದರೂ ಕಾರಿನ ಕೈಪಿಡಿ ನೋಡಿಯೇ ಮುಂದುವರಿಯಿರಿ.

ಅಂಟು ಹೋದ ಮೇಲೆ ಆ ಜಾಗವನ್ನು ಶಾಂಪೂ ಹಾಕಿ ತೊಳೆದು, ಒಣಗಿಸಿ, ವ್ಯಾಕ್ಸ್ ಹಚ್ಚಿ. ಮೊದಲಿದ್ದ ವ್ಯಾಕ್ಸ್ ಅಂಟಿನ ಜೊತೆಗೇ ಹೋಗಿರುತ್ತದೆ. ಇಷ್ಟಾದರೂ ಸ್ಟಿಕ್ಕರ್ ಆಕಾರ ಕಾಣುತ್ತಿದ್ದರೆ ಬೆರಳಾಡಿಸಿ ನೋಡಿ. ಜಿಗುಟಿಲ್ಲ ಅಂದರೆ ಅದು ಅಂಟಲ್ಲ. ಸುತ್ತಲಿನ ಪೇಂಟ್ ವರ್ಷಗಟ್ಟಲೆ ಬಿಸಿಲಿಗೆ ಮಾಸಿದೆ, ಸ್ಟಿಕ್ಕರ್ ಕೆಳಗಿನದು ಹೊಸದಾಗೇ ಉಳಿದಿದೆ. ಅದಕ್ಕೆ ಸುತ್ತಲಿನ ಜಾಗಕ್ಕೆ ಪಾಲಿಶ್ ಮಾಡಿಸಬೇಕು, ಬಣ್ಣವೇ ಮಾಸಿದ್ದರೆ ಪಾಲಿಶಿನಿಂದಲೂ ಪೂರ್ತಿ ಹೋಗುವುದಿಲ್ಲ. ಕೆಲವರು ಅದೇ ಅಳತೆಯ ಹೊಸ ಸ್ಟಿಕ್ಕರ್ ತಂದು ಅಂಟಿಸಿಬಿಡುತ್ತಾರೆ.